ಸಾವಿರದ ಆರುನೂರು ಕಿಲೋಮೀಟರಿಗೆ ಒಂದು ಗಾಡಿ

ಹೊಸೂರಿನ ಹೆದ್ದಾರಿಯ ಬದಿಗೆ ಮನೆಯಿರುವವರು, ನಸುಕಿನಲ್ಲಿ ಡೇರಿಗೆ ಹಾಲು ಹಾಕಲು ರಸ್ತೆ ದಾಟುವವರು ಇವರನ್ನು ನೋಡಿಯೇ ಇರುತ್ತೀರಿ. ಮೈತುಂಬ ದಪ್ಪ ಕಪ್ಪು ಅಂಗಿ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಗಾಡಿಯ ಎರಡೂ ಪಕ್ಕಕ್ಕೆ ಚೀಲ. ಗಾಡಿ ನಿಲ್ಲಿಸುತ್ತಾರೆ, ಪೆಟ್ರೋಲ್ ಹಾಕಿಸುತ್ತಾರೆ, ನಿಂತುಕೊಂಡೇ ನೀರು ಕುಡಿಯುತ್ತಾರೆ, ಹತ್ತು ನಿಮಿಷದಲ್ಲಿ ಮಾಯ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ನಮ್ಮೂರನ್ನು ಹಾದೇ ಹೋಗುವುದರಿಂದ ಇಂಥವರು ನಮಗೆ ಅಪರೂಪವಲ್ಲ. ಕೆಲಸವಿಲ್ಲದವರು ಎಂದು ನೀವು ಒಂದು ಮಾತು ಅಂದಿರಲೂಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಇವತ್ತು ಅವರು ಏರುವ ಮೊದಲು ಆ ಗಾಡಿಯನ್ನು ಹೇಗೆ ಸಿದ್ಧಮಾಡಬೇಕು ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ನಮಗೇಕೆ ಇದು ಎಂದು ಕೇಳಬೇಡಿ. ಸಾವಿರದ ಆರುನೂರು ಕಿಲೋಮೀಟರಿನ ದಾರಿಯಲ್ಲಿ ಗಾಡಿಯನ್ನು ನಿಲ್ಲಿಸುವ ವಸ್ತು ಯಾವುದೋ, ರಾತ್ರಿ ಹನ್ನೊಂದು ಗಂಟೆಗೆ ತಳಿಯಿಂದಲೋ ಬೇರಿಕೆಯಿಂದಲೋ ಕಾಯಿಲೆಯವರನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟವನ ಗಾಡಿಯನ್ನು ನಿಲ್ಲಿಸುವ ವಸ್ತುವೂ ಅದೇ. ಎಂಜಿನ್ ಒಡೆದು ನಿಂತ ಗಾಡಿ ಕಡಿಮೆ. ಒಂದು ಕೇಬಲ್, ಒಂದು ಟ್ಯೂಬ್, ಒಂದು ನಟ್ಟು, ಒಂದು ಫ್ಯೂಸ್, ಇವುಗಳಿಂದ ನಿಂತ ಗಾಡಿಯೇ ಹೆಚ್ಚು.

ನಾನು ಮೆಕ್ಯಾನಿಕ್ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಸಾಲದ ನೋಟೀಸು ಹಿಡಿದು ಹಳ್ಳಿಗಳಿಗೆ ಹೋಗುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಅದಕ್ಕಾಗಿ ಒಂದು ಹಳೆಯ ಯೆಜ್ಡಿ ಇಟ್ಟುಕೊಂಡಿದ್ದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಿಸಿದರೆ ಗೇರ್ ಕಡ್ಡಿಯಾಗುತ್ತಿದ್ದ ಆ ಗಾಡಿಯನ್ನು ಕಂಡವರು ನಿಮ್ಮಲ್ಲೂ ಇದ್ದೀರಿ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಬ್ಯಾಂಕಿನವನ ಅಭ್ಯಾಸದಿಂದ ನಾನು ಆ ಗಾಡಿಗೂ ಒಂದು ಖಾತೆ ಪುಸ್ತಕ ಇಟ್ಟಿದ್ದೆ. ಎಡಗಡೆ ಕಿಲೋಮೀಟರು, ಬಲಗಡೆ ಏನು ಮಾಡಿಸಿದೆ, ಎಷ್ಟು ರೂಪಾಯಿ. ಊರಿನಲ್ಲಿ ಇದಕ್ಕೆ ನಕ್ಕವರು ಬಹಳ. 2023ರಲ್ಲಿ ಆ ಪುಸ್ತಕ ಒಂದು ಕೆಲಸಕ್ಕೆ ಬಂತು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ದೂರದ ಸವಾರಿ ಎಂದರೇನು ಎಂಬುದು ತಿಳಿಯಬೇಕು. ಅಮೆರಿಕದಲ್ಲಿ ಐರನ್ ಬಟ್ ಅಸೋಸಿಯೇಷನ್ ಎಂಬ ಸಂಘವಿದೆ. ರೇಡಿಯೋದಲ್ಲಿ ಹೇಳಲು ಸ್ವಲ್ಪ ಸಂಕೋಚ, ಆದರೂ ಅರ್ಥ ಹೇಳಲೇಬೇಕು: ಕಬ್ಬಿಣದ ಪೃಷ್ಠದವರ ಸಂಘ. ಅವರು ನಡೆಸುವ ದೊಡ್ಡ ರ್‍ಯಾಲಿ 1984ರಲ್ಲಿ ಮೊದಲಾಯಿತು. ಹನ್ನೊಂದು ದಿನ, ಹನ್ನೊಂದು ಸಾವಿರ ಮೈಲಿಯ ಲೆಕ್ಕ, ಎಂದರೆ ಸುಮಾರು 17,700 ಕಿಲೋಮೀಟರು. ಅಷ್ಟು ದೂರ ಹೋಗಲಾರದವರಿಗೆ ಅವರದೇ ಚಿಕ್ಕ ಪರೀಕ್ಷೆಗಳಿವೆ. ಎಲ್ಲಕ್ಕೂ ಕೆಳಗಿನದು ಇಪ್ಪತ್ನಾಲ್ಕು ಗಂಟೆಯಲ್ಲಿ ಸಾವಿರ ಮೈಲಿ, ಎಂದರೆ 1,609 ಕಿಲೋಮೀಟರು. ನಮ್ಮ ದೇಶದ ಸವಾರರೂ ಇದನ್ನು ಮಾಡುತ್ತಾರೆ. ಇದು ಓಟದ ಪಂದ್ಯವಲ್ಲ. ಮೊದಲು ಬಂದವನಿಗೆ ಬಹುಮಾನವಿಲ್ಲ. ಹೇಳಿದ ಹೊತ್ತಿನೊಳಗೆ ಹೇಳಿದ ದೂರ ಹೋಗಿ ಬಂದೆನೆಂದು ಸಾಬೀತು ಮಾಡಿದರೆ ಒಂದು ಪ್ರಮಾಣಪತ್ರ.

ಸಾಬೀತು ಮಾಡುವುದು ಹೇಗೆ ಗೊತ್ತೇ? ಪೆಟ್ರೋಲ್ ಬಂಕಿನ ರಸೀದಿಗಳಿಂದ. ದಿನಾಂಕ, ಗಂಟೆ, ಊರು ಅಚ್ಚಾಗಿರುವ ರಸೀದಿ ಬೇಕು, ಅದರ ಪಕ್ಕದಲ್ಲಿ ಮೀಟರಿನ ಅಂಕಿ ಬರೆದಿಡಬೇಕು, ಹೊರಡುವಾಗಲೂ ಮುಗಿಸುವಾಗಲೂ ಸಾಕ್ಷಿ ಇರಬೇಕು. ಇದನ್ನು ಕೇಳಿದ ದಿನ ಈ ಸವಾರರ ಮೇಲೆ ನನಗೆ ಗೌರವ ಬಂತು. ವೋಚರ್ ಇಲ್ಲದೆ ಜಮೆಯಿಲ್ಲ ಎಂಬುದು ನಾನು ಬಾಳೆಲ್ಲ ನಂಬಿದ ಮಾತು.

ಲೆಕ್ಕ ಹಾಕೋಣ. 1,609ನ್ನು ಇಪ್ಪತ್ನಾಲ್ಕರಿಂದ ಭಾಗಿಸಿದರೆ ಗಂಟೆಗೆ 67. ಊಟ, ಪೆಟ್ರೋಲು, ವಿಶ್ರಾಂತಿ ಎಂದು ನಾಲ್ಕು ಗಂಟೆ ಕಳೆದರೆ ಉಳಿದ ಇಪ್ಪತ್ತು ಗಂಟೆಯಲ್ಲಿ ಗಂಟೆಗೆ 80 ಬೀಳುತ್ತದೆ. ನಾಲ್ಕು ಪಥದ ರಸ್ತೆಯಲ್ಲಿ 80 ದೊಡ್ಡ ವೇಗವಲ್ಲ. ದೊಡ್ಡದು ಅದನ್ನು ಇಪ್ಪತ್ತು ಗಂಟೆ ಬಿಡದೆ ಮಾಡುವುದು. ಗಾಡಿಯ ಚಕ್ರದ ಸುತ್ತಳತೆ ಹೆಚ್ಚುಕಡಿಮೆ ಎರಡು ಮೀಟರು. ಹಾಗಾದರೆ ಚಕ್ರ ಎಂಟು ಲಕ್ಷ ಸಲ ತಿರುಗಬೇಕು. ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನಂತೆ ಓಡಿದರೆ ಇಪ್ಪತ್ತು ಗಂಟೆಗೆ ನಲವತ್ತೆಂಟು ಲಕ್ಷ ಸುತ್ತು. ಅರ್ಧ ಸಡಿಲವಾಗಿರುವ ಒಂದು ನಟ್ಟಿಗೆ ಇಷ್ಟು ನಡುಕ ಕೊಟ್ಟರೆ ಅದು ಏನಾಗುತ್ತದೆಂದು ನೀವೇ ಯೋಚಿಸಿ.

2023ರ ಅಕ್ಟೋಬರಿನಲ್ಲಿ ನನ್ನ ತಂಗಿಯ ಮಗ ಈ ಸಾವಿರ ಮೈಲಿಯ ಆಸೆ ಹಿಡಿದ. 200 ಸಿ.ಸಿ. ಗಾಡಿ, ಐದು ವರ್ಷದ್ದು, ನಲವತ್ತೊಂದು ಸಾವಿರ ಕಿಲೋಮೀಟರು ಓಡಿದ್ದು. ತಂಗಿ ನನ್ನ ಬಳಿ ಬಂದು ಅವನಿಗೆ ಬುದ್ಧಿ ಹೇಳು ಎಂದಳು. ಇಪ್ಪತ್ತೇಳು ವರ್ಷದವನಿಗೆ ಬುದ್ಧಿ ಹೇಳಿದರೆ ಹೇಳದೆ ಹೋಗುತ್ತಾನೆ ಎಂಬುದು ನನಗೆ ಗೊತ್ತಿತ್ತು. ಗಾಡಿಯನ್ನು ನಾನು ಹೇಳಿದ ಹಾಗೆ ತಯಾರು ಮಾಡಿದರೆ ನಿನ್ನ ತಾಯಿಯ ಜೊತೆ ನಾನು ಮಾತಾಡುತ್ತೇನೆ ಎಂದೆ. ಅವನು ಒಪ್ಪಿದ. ಎರಡು ತಿಂಗಳು ಇಟ್ಟುಕೊಂಡೆವು. ನಮ್ಮ ಬೀದಿಯ ತಮಿಳು ಮೆಕ್ಯಾನಿಕ್ ಒಬ್ಬರು ಜೊತೆಗಿದ್ದರು. ನಾವು ಕಲಿತದ್ದನ್ನೇ ಈಗ ನಿಮಗೆ ಹೇಳುವುದು.

ಎಲ್ಲಕ್ಕೂ ಮೊದಲ ಮಾತು ಅವರೇ ಹೇಳಿದರು. ದೂರ ಹೋಗುವ ಗಾಡಿಗೆ ಹೊಸ ಸಾಮಾನು ಹಾಕುವುದಾದರೆ ಈಗಲೇ ಹಾಕಿ, ಹೊರಡುವ ವಾರ ಏನನ್ನೂ ಮುಟ್ಟಬೇಡಿ ಎಂದು. ಅಮೆರಿಕದ ಹಳೆಯ ಸವಾರರೂ ಇದನ್ನೇ ಹೇಳುತ್ತಾರೆಂದು ಆಮೇಲೆ ತಿಳಿಯಿತು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ತಿರುಪತಿಗೆ ಹೊರಡುವ ಹಿಂದಿನ ಸಂಜೆ ಗಾಡಿಯನ್ನು ಸರ್ವೀಸಿಗೆ ಬಿಡುತ್ತೇವೆ. ಬಿಚ್ಚಿ ಹಾಕಿದ ಪ್ರತಿಯೊಂದು ವಸ್ತುವೂ ಒಂದು ಸಂಶಯ. ಹೊಸ ಕೇಬಲ್ ಹಿಗ್ಗುತ್ತದೆ, ಹೊಸ ಚೈನ್ ಸಡಿಲವಾಗುತ್ತದೆ, ಎಣ್ಣೆ ತೆಗೆದ ಬೋಲ್ಟು ಸರಿಯಾಗಿ ಬಿಗಿಯದಿದ್ದರೆ ನೂರು ಕಿಲೋಮೀಟರಿನ ಮೇಲೆ ತೊಟ್ಟಿಕ್ಕತೊಡಗುತ್ತದೆ. ಇವೆಲ್ಲ ಊರ ಹತ್ತಿರವೇ ಬಯಲಾಗಬೇಕು. ನಾವು ಎಣ್ಣೆ ಬದಲಿಸಿದ್ದು ಹೊರಡಲು ಐನೂರು ಕಿಲೋಮೀಟರು ಬಾಕಿ ಇರುವಾಗ. ಚೈನ್ ಹಾಕಿಸಿದ್ದು ಮೂರು ವಾರ ಮೊದಲು.

ಚೈನಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ. ನನ್ನ ಯೆಜ್ಡಿಯ ಚೈನು ಮೇನೆಯಲ್ಲಿ ಕೂತ ಮದುಮಗಳ ಹಾಗೆ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಇರುತ್ತಿತ್ತು. ಧೂಳು ಸೋಕುತ್ತಿರಲಿಲ್ಲ. ಈಗಿನ ದೊಡ್ಡ ಗಾಡಿಗಳಲ್ಲಿ ಚೈನು ಬಯಲಲ್ಲೇ ಇರುತ್ತದೆ. ನೋಡಲು ಚೆಂದ, ಬಾಳಿಕೆಗೆ ಕೇಡು. ಚೈನು ಸವೆದಿದೆಯೇ ಎಂದು ತಿಳಿಯಲು ಅಂಗಡಿಗೆ ಹೋಗಬೇಕಾಗಿಲ್ಲ. ಹಿಂದಿನ ಹಲ್ಲಿನ ಚಕ್ರದ ಹಿಂಭಾಗದಲ್ಲಿ ಚೈನನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಅದರ ಆಯುಸ್ಸು ಮುಗಿಯಿತು. ಹಲ್ಲುಗಳು ಕೊಕ್ಕೆಯ ಹಾಗೆ ಒಂದು ಕಡೆಗೆ ಬಾಗಿದ್ದರೂ ಅಷ್ಟೇ. ಆಗ ಚೈನು ಮತ್ತು ಎರಡೂ ಹಲ್ಲಿನ ಚಕ್ರ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಹಳೆಯ ಹಲ್ಲಿಗೆ ಹೊಸ ಚೈನು ಹಾಕಿದರೆ ಹೊಸದೂ ಬೇಗ ಹಾಳು. ಅಂದಹಾಗೆ, ನಮಗೆ ಹಲ್ಲು, ಮೆಕ್ಯಾನಿಕ್ಕಿಗೆ ಪಲ್ಲು, ನಮ್ಮ ತೆಲುಗು ನೆರೆಯವರಿಗೆ ಪಳ್ಳು. ಮೂರು ಭಾಷೆಯವರೂ ಒಂದೇ ಚಕ್ರವನ್ನು ತೋರಿಸಿ ಮಾತಾಡುವಾಗ ಯಾರಿಗೂ ತೊಡಕಾಗಲಿಲ್ಲ.

ಚೈನು ಎಷ್ಟು ಸಡಿಲವಿರಬೇಕು ಎಂಬುದು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಬಹಳ ಗಾಡಿಗಳಿಗೆ ಕೆಳಗಿನ ಸಾಲಿನ ನಡುವೆ ಮೇಲೆ ಕೆಳಗೆ ಸೇರಿ 20ರಿಂದ 30 ಮಿಲಿಮೀಟರು. ಹೊಸಬರು ಬಿಗಿಯಾಗಿದ್ದರೆ ಒಳ್ಳೆಯದೆಂದು ಬಿಗಿಸುತ್ತಾರೆ. ಆದರೆ ಮೇಲೆ ಆಳು ಕೂತು, ಸಾಮಾನು ಹೇರಿ, ಗುಂಡಿಗೆ ಇಳಿದಾಗ ಚೈನು ಇನ್ನೂ ಬಿಗಿಯುತ್ತದೆ. ಆಗ ಅದು ಗೇರ್ ಪೆಟ್ಟಿಗೆಯ ಬೇರಿಂಗನ್ನೇ ತಿನ್ನುತ್ತದೆ. ಚಕ್ರವನ್ನು ನಾಲ್ಕೈದು ಕಡೆ ತಿರುಗಿಸಿ ಎಲ್ಲಿ ಅತಿ ಬಿಗಿಯೋ ಅಲ್ಲಿ ಅಳೆಯಬೇಕು. ಎರಡೂ ಪಕ್ಕದ ಗೆರೆ ಗುರುತು ಸಮ ಬರಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗಿ ಓಡುತ್ತದೆ. ಕೊಂಡಿಗೆ ಸಣ್ಣ ಕ್ಲಿಪ್ಪು ಇರುವ ಚೈನಾದರೆ ಒಂದು ಗುರುತು ನೆನಪಿಡಿ. ಕ್ಲಿಪ್ಪು ಮೀನಿನ ಆಕಾರದಲ್ಲಿದೆ. ಚೈನು ಓಡುವ ದಿಕ್ಕಿಗೆ ಮೀನಿನ ತಲೆ, ಹಿಂದಕ್ಕೆ ಸೀಳಿದ ಬಾಲ. ತಿರುಗಮುರುಗ ಹಾಕಿದರೆ ಯಾವುದೋ ಕಲ್ಲಿಗೆ ತಾಗಿ ಹಾರಿಹೋಗುತ್ತದೆ.

ತೊಳೆಯಲು ಸೀಮೆಎಣ್ಣೆ ಮತ್ತು ಮೆತ್ತಗಿನ ಬ್ರಷ್ಷು. ಪೆಟ್ರೋಲ್ ಬೇಡ. ಚೈನಿನ ಕೊಂಡಿಗಳಲ್ಲಿ ರಬ್ಬರ್ ಉಂಗುರವಿದ್ದರೆ ಪೆಟ್ರೋಲ್ ಅದನ್ನು ಹಾಳುಮಾಡುತ್ತದೆ. ಒಣಗಿದ ಮೇಲೆ 90 ನಂಬರಿನ ಗೇರ್ ಎಣ್ಣೆ, ಒಳಸಾಲಿಗೆ, ತೆಳುವಾಗಿ. ದೂರದ ದಾರಿಯಲ್ಲಿ ಐನೂರು ಕಿಲೋಮೀಟರಿಗೊಮ್ಮೆ ಇದನ್ನು ಮಾಡಬೇಕು. ಒಂದು ಸಣ್ಣ ಬಾಟಲಿ, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಚೀಲದಲ್ಲಿದ್ದರೆ ಮೂರು ನಿಮಿಷದ ಕೆಲಸ. ಇಲ್ಲಿ ನಾನು ಧ್ವನಿ ಎತ್ತರಿಸಿ ಹೇಳುವ ಮಾತು ಒಂದಿದೆ. ಎಂಜಿನ್ ಓಡಿಸಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯಬೇಡಿ. ಬಟ್ಟೆಯನ್ನು ಚೈನು ಎಳೆಯುತ್ತದೆ, ಬಟ್ಟೆ ಬೆರಳನ್ನು ಎಳೆಯುತ್ತದೆ, ಬೆರಳು ಹಲ್ಲಿಗೆ ಸಿಗುತ್ತದೆ. ಚಾವಿ ತೆಗೆದು ಜೇಬಿಗೆ ಹಾಕಿ, ಚಕ್ರವನ್ನು ಕೈಯಿಂದ ತಿರುಗಿಸಿ. ನಡುವಿನ ಸ್ಟ್ಯಾಂಡ್ ಇಲ್ಲದ ಗಾಡಿಯಾದರೆ ಎರಡೆರಡು ಅಡಿ ಮುಂದಕ್ಕೆ ತಳ್ಳುತ್ತಾ ಹಚ್ಚಿ. ಹೊತ್ತಾಗುತ್ತದೆ, ಆಗಲಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಒಂದು ಮೊಟ್ಟೆಯಾಕಾರದ ಗೆರೆಯೊಳಗೆ ಇರುತ್ತವೆ, ನೋಡಿದ್ದೀರಾ? ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2318 ಎಂದಿದ್ದರೆ 2018ರ ಇಪ್ಪತ್ತಮೂರನೇ ವಾರ ತಯಾರಾದದ್ದು. ನಮ್ಮ ಹುಡುಗನ ಮುಂದಿನ ಟೈರಿನಲ್ಲಿ ಗೆರೆ ಇನ್ನೂ ಆಳವಿತ್ತು, ಆದರೆ ವಯಸ್ಸು ಐದು ದಾಟಿತ್ತು. ಪಕ್ಕದ ರಬ್ಬರನ್ನು ಮಡಿಸಿ ನೋಡಿದರೆ ಸಣ್ಣ ಸಣ್ಣ ಬಿರುಕು. ಗೆರೆಯಿದೆಯಲ್ಲ ಮಾವ ಎಂದು ವಾದ ಮಾಡಿದ. ಡಿಸೆಂಬರಿನ ಚಳಿಯಲ್ಲಿ ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದ ಮೇಲೆ ಒಪ್ಪಿದ. ಗಾಳಿಯನ್ನು ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಸಾಮಾನಿಗೆ ತಕ್ಕಂತೆ ಪುಸ್ತಕದಲ್ಲಿ ಹೇಳಿದಷ್ಟು ಹಾಕಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುವುದು ಸಹಜ. ಆಗ ಗಾಳಿ ಬಿಡಬಾರದು.

ಟ್ಯೂಬಿಲ್ಲದ ಟೈರಿಗೆ ತೂತು ಮುಚ್ಚುವ ರಬ್ಬರ್ ಬತ್ತಿಯ ಡಬ್ಬಿ ಸಿಗುತ್ತದೆ. ಕೊಂಡರೆ ಸಾಲದು. ಒಂದು ಭಾನುವಾರ ಅಂಗಳದಲ್ಲಿ ಹಳೆಯ ಟೈರಿಗೆ ಮೊಳೆ ಹೊಡೆದು, ತೆಗೆದು, ಬತ್ತಿ ತುರುಕಿ, ಕೈಪಂಪಿನಿಂದ ಗಾಳಿ ತುಂಬುವುದನ್ನು ಹುಡುಗನಿಂದ ಮಾಡಿಸಿದೆ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಿತು. ಮೂರನೆಯ ಸಲ ಹದಿನೈದು ನಿಮಿಷ. ಕಡ್ಡಿಯ ಚಕ್ರ ಮತ್ತು ಟ್ಯೂಬ್ ಇರುವ ಗಾಡಿಯವರಿಗೆ ಈ ಸುಖವಿಲ್ಲ, ಟ್ಯೂಬು, ಟೈರ್ ಬಿಚ್ಚುವ ಕಬ್ಬಿಣ ಎರಡೂ ಹೊರಬೇಕು. ಆ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟುತ್ತಾ ಬನ್ನಿ. ಬಿಗಿಯಾದದ್ದು ತಂಬೂರಿಯ ತಂತಿಯಂತೆ ನುಡಿಯುತ್ತದೆ, ಸಡಿಲವಾದದ್ದು ಟಪ್ ಎನ್ನುತ್ತದೆ.

ಚಕ್ರದ ಬೇರಿಂಗ್ ನೋಡುವುದೂ ಕಷ್ಟವಲ್ಲ. ಚಕ್ರವನ್ನು ನೆಲದಿಂದ ಎತ್ತಿ, ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಕಟಕ್ ಎಂದರೆ ಬದಲಿಸಬೇಕು. ನಮ್ಮ ಗಾಡಿಯ ಹಿಂದಿನ ಚಕ್ರ ಹಾಗೆ ಅಂತು. ಆ ಶಬ್ದ ಊರಿನೊಳಗೆ ಓಡಿಸುವಾಗ ಯಾರಿಗೂ ಕೇಳಿರಲಿಲ್ಲ. ಬಿಚ್ಚಿದಾಗ ಒಳಗಿನ ಗ್ರೀಸು ತುಕ್ಕಿನ ನೀರಾಗಿತ್ತು. ನಡುರಾತ್ರಿ, ನಾನೂರು ಮೈಲಿ ದೂರದಲ್ಲಿ, ಎಂಬತ್ತರ ವೇಗದಲ್ಲಿ ಆ ಚಕ್ರ ಬಿಗಿದುಕೊಂಡಿದ್ದರೆ! ತಂಗಿಗೆ ನಾನು ಇದನ್ನು ಇವತ್ತಿನವರೆಗೆ ಹೇಳಿಲ್ಲ. ರೇಡಿಯೋ ಕೇಳುವ ಅಭ್ಯಾಸ ಅವಳಿಗಿಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಗಾಡಿ ಎಲ್ಲಿ ಓಡಿದೆ ಎಂಬುದರ ಮೇಲೆ ಸವೆತ ಬದಲಾಗುತ್ತದೆ. ಕಾಸರಗೋಡಿನ ಕಡೆಯವರ ಗಾಡಿಗೆ ಮಳೆ ಮತ್ತು ಉಪ್ಪುಗಾಳಿ ಶತ್ರು, ಕೇಬಲಿನೊಳಗೆ ತುಕ್ಕು ಸೇರುತ್ತದೆ. ಜತ್ತ, ಅಕ್ಕಲಕೋಟೆ, ಆದೋನಿ ಕಡೆಯವರು ಗಾಳಿಶೋಧಕವನ್ನು ಪುಸ್ತಕ ಹೇಳುವುದಕ್ಕಿಂತ ಬೇಗ ನೋಡಬೇಕು, ಅಲ್ಲಿಯ ಧೂಳು ಅಂಥದ್ದು. ತಾಳವಾಡಿಯವರು ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು ಸತ್ಯಮಂಗಲಕ್ಕೆ ಹೋಗುವವರು, ನೀಲಗಿರಿಯವರದೂ ಅದೇ ಕಥೆ. ಅವರು ಮೊದಲು ಬ್ರೇಕ್ ನೋಡಲಿ. ಡಿಸ್ಕ್ ಬ್ರೇಕಿನ ದ್ರವ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ದ್ರವ ಇಳಿಜಾರಿನ ಬಿಸಿಗೆ ಕುದಿದು ಆವಿಯಾದರೆ ಹಿಡಿಕೆ ಒತ್ತಿದರೂ ಬ್ರೇಕ್ ಹಿಡಿಯದು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆಂಬುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಅರ್ಧ ಬ್ರೇಕ್ ಹಾಕುತ್ತದೆ.

ಎಣ್ಣೆಯ ಮಾತು ಚಿಕ್ಕದು. ಸಣ್ಣ ಗಾಡಿಯ ಎಂಜಿನ್ನಿನಲ್ಲಿ ಇರುವುದೇ ಸುಮಾರು ಒಂದು ಲೀಟರು. ಇಡೀ ದಿನ ಓಡಿದ ಹಳೆಯ ಎಂಜಿನ್ ಅದರಲ್ಲೂ ಸ್ವಲ್ಪ ಕುಡಿಯುತ್ತದೆ. ಒಂದು ಪೆಟ್ರೋಲ್ ಬಿಟ್ಟು ಒಂದು ಪೆಟ್ರೋಲಿಗೆ ಗಾಡಿಯನ್ನು ನೇರ ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು, ಮಟ್ಟ ನೋಡಿ.

ವಿದ್ಯುತ್ತಿನಲ್ಲಿ ನಮ್ಮ ಹುಡುಗರು ಮೋಸ ಹೋಗುತ್ತಾರೆ. 55 ವಾಟಿನ ಎರಡು ಹೆಚ್ಚುವರಿ ದೀಪ ಹಾಕಿದರೆ 110 ವಾಟು, ಎಂದರೆ 12 ವೋಲ್ಟಿಗೆ ಒಂಬತ್ತು ಆಂಪಿಯರ್. ಮೇಲೆ ಫೋನಿಗೆ ಚಾರ್ಜು. ಸಣ್ಣ ಗಾಡಿ ಹುಟ್ಟಿಸುವ ವಿದ್ಯುತ್ತು ಎಷ್ಟು ಎಂದು ನೋಡದೆ ಖರ್ಚು ಮಾಡಿದರೆ ಬ್ಯಾಟರಿ ಎಂಬ ಉಳಿತಾಯ ಖಾತೆ ಖಾಲಿಯಾಗುತ್ತದೆ. ಹಿಂದೆ ಕಾರ್ಬ್ಯುರೇಟರಿನ ಕಾಲದಲ್ಲಿ ಬ್ಯಾಟರಿ ಸತ್ತರೂ ತಳ್ಳಿಯೋ ಒದ್ದೋ ಹೊರಡಬಹುದಿತ್ತು. 2020ರ ಏಪ್ರಿಲಿನಲ್ಲಿ ಹೊಗೆಯ ಹೊಸ ನಿಯಮ ಬಂದ ಮೇಲೆ ಗಾಡಿಗಳು ಹೆಚ್ಚಾಗಿ ಇಂಜೆಕ್ಷನ್ನಿನವು. ಪೆಟ್ರೋಲ್ ತಳ್ಳುವ ಪಂಪಿಗೂ ವಿದ್ಯುತ್ ಬೇಕು. ಬ್ಯಾಟರಿಯ ಎರಡು ತುದಿಯ ಸ್ಕ್ರೂ ಬಿಗಿಯಿದೆಯೇ, ಬಿಳಿ ಬೂದಿ ಹಿಡಿದಿದೆಯೇ ಎಂದು ನೋಡಲು ಖರ್ಚಿಲ್ಲ.

ಕ್ಲಚ್ಚಿನ ಕೇಬಲಿಗೆ ಒಂದು ಹಳೆಯ ಉಪಾಯವಿದೆ. ಹೊಸ ಕೇಬಲನ್ನು ಚೀಲದಲ್ಲಿ ಹೊರಬೇಡಿ. ಇರುವ ಕೇಬಲಿನ ಪಕ್ಕದಲ್ಲೇ, ಅದೇ ದಾರಿಯಲ್ಲಿ ಎಳೆದು, ತುದಿಗಳಿಗೆ ಟೇಪು ಸುತ್ತಿ ಕಟ್ಟಿಬಿಡಿ. ಹಳೆಯದು ತುಂಡಾದರೆ ಕತ್ತಲಲ್ಲಿ ಟ್ಯಾಂಕ್ ಬಿಚ್ಚುವ ಗೋಜಿಲ್ಲ, ತುದಿ ಬದಲಿಸಿದರೆ ಮುಗಿಯಿತು. ಇನ್ನೊಂದು ಉಪಾಯ ನನ್ನ ಹೆಂಡತಿಯ ಉಗುರುಬಣ್ಣದ್ದು. ಬಿಗಿ ಮಾಡಿದ ಪ್ರತಿ ಮುಖ್ಯ ನಟ್ಟಿನಿಂದ ಪಕ್ಕದ ಕಬ್ಬಿಣಕ್ಕೆ ಒಂದು ಗೆರೆ ಎಳೆದೆವು. ದಾರಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಗೆರೆ ಮುರಿದಿದೆಯೇ ಇಲ್ಲವೇ ತಿಳಿಯುತ್ತದೆ, ಸ್ಪ್ಯಾನರ್ ಹಿಡಿಯಬೇಕಿಲ್ಲ. ಹೊಸ ಬಾಟಲಿ ಕೊಡಿಸುವುದು ಇನ್ನೂ ಬಾಕಿಯಿದೆ.

ಗಾಡಿಯ ಸ್ವಂತ ದುರಸ್ತಿಯನ್ನು ಸ್ಪರ್ಧೆಯ ಭಾಗವೇ ಮಾಡಿದವರೂ ಇದ್ದಾರೆ. 1978ರಲ್ಲಿ ಪ್ಯಾರಿಸ್ಸಿನಿಂದ ಹೊರಟು, 2020ರಿಂದ ಸೌದಿ ಅರೇಬಿಯದ ಮರಳಿನಲ್ಲಿ ನಡೆಯುತ್ತಿರುವ ಡಕಾರ್ ರ್‍ಯಾಲಿಯಲ್ಲಿ ಸಹಾಯಕರೇ ಇಲ್ಲದವರದೊಂದು ವರ್ಗವಿದೆ. ಹಗಲೆಲ್ಲ ಓಡಿಸಿ, ರಾತ್ರಿ ಒಂದು ಟ್ರಂಕಿನ ಸಾಮಾನಿನಿಂದ ತಮ್ಮ ಗಾಡಿ ತಾವೇ ಸರಿಮಾಡಿಕೊಂಡು ಆಮೇಲೆ ಮಲಗಬೇಕು. 1980ರಲ್ಲಿ ಟಿ.ವಿ.ಎಸ್. 50 ಮಾಡಿ ನಮ್ಮ ಹೊಲದ ದಾರಿಗೆಲ್ಲ ಗಾಡಿ ಕೊಟ್ಟ ಹೊಸೂರಿನ ಕಾರ್ಖಾನೆಯವರ ತಂಡವೂ ಆ ಡಕಾರಿಗೆ ಹೋಗಿದೆ. ಆ ತಂಡದಲ್ಲಿ ಓಡಿಸಿದ ಕೇರಳದ ಹರಿತ್ ನೋವಾ 2024ರಲ್ಲಿ ತಮ್ಮ ವರ್ಗದಲ್ಲಿ ಮೊದಲಿಗರಾಗಿ, ಒಟ್ಟಿನಲ್ಲಿ ಹನ್ನೊಂದನೆಯವರಾಗಿ ಬಂದರು.

ದಾರಿಯ ಆಯ್ಕೆಯೂ ತಯಾರಿಯೇ. ಎಲ್ಲ ದೊಡ್ಡ ರಸ್ತೆಗೂ ಎರಡು ಚಕ್ರದವರನ್ನು ಬಿಡುವುದಿಲ್ಲ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ರಸ್ತೆಗೆ ಬಿಡುವುದಿಲ್ಲ, ಬೆಂಗಳೂರು-ಮೈಸೂರು ಹೊಸ ರಸ್ತೆಯ ಮುಖ್ಯ ಪಥಕ್ಕೆ 2023ರ ಆಗಸ್ಟಿನಿಂದ ಬಿಡುವುದಿಲ್ಲ. ವಯನಾಡು, ಗೂಡಲೂರಿನ ಕಡೆಯವರಿಗೆ ಬಂಡೀಪುರದ ರಾತ್ರಿ ಒಂಬತ್ತರ ಗೇಟು 2009ರಿಂದಲೂ ಗೊತ್ತು. ನಾವು ಆರಿಸಿದ್ದು ಹೊಸೂರಿನಿಂದ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರದ ಮೇಲೆ ಪುಣೆ. ಸುಮಾರು 880 ಕಿಲೋಮೀಟರು. ಹಿಂದಿರುಗಿ ಬರುವಾಗ ಶಿರಾದ ಹತ್ತಿರವೇ ಲೆಕ್ಕ ತುಂಬುತ್ತದೆ. ದಾರಿಯುದ್ದಕ್ಕೂ ಕನ್ನಡ ಅಥವಾ ಮರಾಠಿ. ಗಾಡಿ ನಿಂತರೆ ಭಾಷೆಗೆ ಪರದಾಟವಿಲ್ಲ ಎಂಬುದು ನನ್ನ ಲೆಕ್ಕದಲ್ಲಿ ಒಂದು ಬಿಡಿಭಾಗವೇ. ಮುನ್ನೂರು ಕಿಲೋಮೀಟರಿಗೊಮ್ಮೆ ಪೆಟ್ರೋಲು ಎಂದು ಐದಾರು ಊರು ಗುರುತು ಹಾಕಿದೆವು. ಎರಡು ಚಕ್ರಕ್ಕೆ ಟೋಲ್ ಇಲ್ಲ, ಹಾಗಾಗಿ ಟೋಲಿನ ಚೀಟಿಯೂ ಇಲ್ಲ. ಪೆಟ್ರೋಲ್ ರಸೀದಿಯೊಂದೇ ಸಾಕ್ಷಿ. ಬಂಕ್ ಬಿಡುವ ಮೊದಲೇ ಅದರಲ್ಲಿ ಗಂಟೆ ಸರಿಯಿದೆಯೇ ನೋಡಿ, ಅಲ್ಲೇ ಫೋಟೋ ತೆಗೆಯಬೇಕು. ಈ ಕಾಗದದ ಅಕ್ಷರ ಬೆವರಿಗೂ ಬಿಸಿಲಿಗೂ ಅಳಿಸಿಹೋಗುತ್ತದೆ.

ಸೀಟಿನ ಮೇಲೆ ಲಾರಿ ಡ್ರೈವರುಗಳು ಹಾಕುವ ಮರದ ಮಣಿಯ ಹೊದಿಕೆ ಹಾಕಿದೆವು. ಹುಡುಗ ನಾಚಿಕೊಂಡ. ಗಾಳಿಯಾಡುತ್ತದೆ, ತೊಡೆ ಬೇಯುವುದಿಲ್ಲ. ಅಮೆರಿಕದವರೂ ಹಾಕಿಕೊಳ್ಳುತ್ತಾರೆ ಎಂದ ಮೇಲೆ ನಾಚಿಕೆ ಹೋಯಿತು.

ಡಿಸೆಂಬರಿನ ಒಂದು ಶನಿವಾರ ನಸುಕಿನ ನಾಲ್ಕಕ್ಕೆ ಹೊರಟ. ಸಂಜೆ ಐದಕ್ಕೆ ಪುಣೆಯಿಂದ ಫೋನ್ ಬಂತು. ಚೈನಿಗೆ ಒಮ್ಮೆ ಎಣ್ಣೆ ಹಚ್ಚಿದ್ದ, ಉಗುರುಬಣ್ಣದ ಗೆರೆ ಒಂದೂ ಮುರಿದಿರಲಿಲ್ಲ. ಆಮೇಲೆ ರಾತ್ರಿಯೆಲ್ಲ ಫೋನಿಲ್ಲ. ತಂಗಿ ನಮ್ಮ ಮನೆಯಲ್ಲೇ ಕೂತಿದ್ದಳು. ಟಿ.ವಿ. ಹಾಕಿದ್ದೆವು, ಯಾರೂ ನೋಡುತ್ತಿರಲಿಲ್ಲ. ಒಂದೂ ಹತ್ತಕ್ಕೆ ಫೋನು. ಹಾವೇರಿಯ ಹತ್ತಿರ ಒಂದು ಬಂಕಿನಲ್ಲಿದ್ದೇನೆ, 1,385 ಆಗಿದೆ, ಇನ್ನು 224 ಬೇಕು, ಎರಡು ಗಂಟೆ ಐವತ್ತು ನಿಮಿಷ ಇದೆ ಎಂದ. ನನ್ನ ಬಾಯಲ್ಲೇ ಲೆಕ್ಕ ಆಯಿತು, ಗಂಟೆಗೆ 79. ಗಾಡಿ ಹೇಗಿದೆ ಎಂದೆ. ಗಾಡಿ ಚೆನ್ನಾಗಿದೆ ಮಾವ, ಆದರೆ ಹಿಂದಿನ ಹತ್ತು ಕಿಲೋಮೀಟರು ಹೇಗೆ ಬಂದೆನೋ ನೆನಪಿಲ್ಲ ಎಂದ.

ನಾನು ಏನೂ ಹೇಳುವ ಮೊದಲೇ ಅವನೇ ಹೇಳಿದ, ಇಲ್ಲಿ ಬೆಂಚಿದೆ, ಮಲಗುತ್ತೇನೆ ಎಂದು. ಬಂಕಿನವರು ಒಂದು ಕಂಬಳಿ ಕೊಟ್ಟರಂತೆ. ಬೆಳಗಿನ ಆರಕ್ಕೆ ಎದ್ದು, ಚಹಾ ಕುಡಿದು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ. ಪ್ರಮಾಣಪತ್ರವಿಲ್ಲ. ರಾತ್ರಿ ಎರಡರಿಂದ ಐದರವರೆಗೆ ದೇಹ ತಾನಾಗಿ ಮುಚ್ಚಿಕೊಳ್ಳುವ ಹೊತ್ತು. ಕಾಫಿ ಕುಡಿದರೆ ಕಣ್ಣು ತೆರೆದಿರುತ್ತದೆ, ಮಿದುಳು ಕ್ಷಣ ಕ್ಷಣ ಮಲಗುತ್ತಿರುತ್ತದೆ. ಎಂಬತ್ತರ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ ಇಪ್ಪತ್ತೆರಡು ಮೀಟರು ಹೋಗುತ್ತದೆ. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಅರವತ್ತಾರು ಮೀಟರು, ಮುಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು ಇರಬಹುದು.

ಬಂದ ಮರುದಿನ ಗಾಡಿಯನ್ನು ತೊಳೆಯುವ ಮೊದಲೇ ನಾವು ಮೂವರೂ ಅದರ ಸುತ್ತ ಕೂತೆವು. ತೊಳೆದರೆ ಸಾಕ್ಷಿ ಹೋಗುತ್ತದೆ. ಎಣ್ಣೆ ಒಸರಿದ ಗುರುತು, ಕೇಬಲ್ ಉಜ್ಜಿದ ಗುರುತು, ಎಲ್ಲವೂ ಧೂಳಿನ ಮೇಲೆ ಬರೆದಿಟ್ಟ ಹಾಗಿರುತ್ತದೆ. ಮುಂದಿನ ಫೋರ್ಕಿನ ಬಲಗಾಲಿನಲ್ಲಿ ಎಣ್ಣೆಯ ತೆಳು ಉಂಗುರ ಕಂಡಿತು, ಸೀಲು ಸೋರಲು ಶುರುವಾಗಿತ್ತು. ಚೈನು ಐದು ಮಿಲಿಮೀಟರು ಸಡಿಲವಾಗಿತ್ತು. ಪೆಟ್ರೋಲ್ ಲೀಟರಿಗೆ ಸರಾಸರಿ ಮೂವತ್ತೇಳು. ಎಣ್ಣೆ ಮಟ್ಟದ ಗಾಜಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಕೆಳಗೆ. ನನ್ನ ಹಳೆಯ ಯೆಜ್ಡಿಯ ಪುಸ್ತಕದಲ್ಲಿ ಖಾಲಿ ಹಾಳೆಗಳು ಉಳಿದಿದ್ದವು, ಅದರಲ್ಲೇ ಎಡಗಡೆ ಕಿಲೋಮೀಟರು ಬರೆದು ಬಲಗಡೆ ಇವನ್ನೆಲ್ಲ ಬರೆದೆವು. ಹಾವೇರಿಯ ಎದುರಿಗೆ ಏನು ಬರೆಯಲಿ ಎಂದು ಹುಡುಗ ಕೇಳಿದ. ಇದ್ದದ್ದನ್ನು ಬರೆ ಎಂದೆ. "1-10, ನಿದ್ದೆ, ಬೆಂಚು, ಖರ್ಚು ಇಲ್ಲ" ಎಂದು ಬರೆದ.

ಸೀಲನ್ನು ಬದಲಿಸಿಯಾಯಿತು. ಮುಂದಿನ ಸಲ ಸಂಜೆ ಹೊರಡುವ ಯೋಚನೆಯಿದೆ, ಹಗಲು ಚೆನ್ನಾಗಿ ಮಲಗಿ ಎದ್ದು.